ಅಜ್ಜ-ಅಜ್ಜಿ ಫೋಟೋವನ್ನು ದೇವರ ಕೋಣೆಯ ಹಳೇ ಲಕ್ಷ್ಮಿ ಚಿತ್ರದ ಥರ ಮಾಡೋದು ಹೇಗೆ? (ಗಿಂಪ್)

ಮಲೆನಾಡ_ಮಳೆ:

ಎಲ್ಲರಿಗೂ ನಮಸ್ಕಾರ. ಬರೋ ತಿಂಗಳು ನಮ್ಮ ಅಜ್ಜಂಗೆ ಸಹಸ್ರಚಂದ್ರ ದರ್ಶನ ಶಾಂತಿ ಇಟ್ಟುಕೊಂಡಿದೀವಿ. ಬಾಗಿಲ ಹತ್ತಿರ ಇಡೋಕೆ ಎ3 ಅಳತೆಯ ಒಂದು ಚಿತ್ರ, ಬಂದವರಿಗೆ ಕೊಡೋಕೆ ಅದರದ್ದೇ ಚಿಕ್ಕ ಕಾರ್ಡು ಮಾಡಿಸೋ ಆಲೋಚನೆ. ಸಾಗರದ ಮನೆ ಜಗಲಿ ಮೇಲೆ ಅಜ್ಜ-ಅಜ್ಜಿ ಕೂತಿರೋ ಫೋಟೋ ಇದೆ, ನನ್ನ ಫೋನಲ್ಲೇ ತೆಗೆದಿದ್ದು. ಅಜ್ಜ ಬಿಳಿ ಪಂಚೆ, ಶಲ್ಯ. ಅಜ್ಜಿ ಕೆಂಪಂಚಿನ ಕಡುಹಸಿರು ಸೀರೆ. ಹಿಂದೆ ಕತ್ತಲೆ ಬಾಗಿಲು, ಒಂದು ಮರದ ಕಂಬ. ಕೆಳಗೆ ಹಾಕಿದೀನಿ ನೋಡಿ.

ನಮ್ಮ ದೇವರ ಕೋಣೆಯಲ್ಲಿ ಅಜ್ಜಿಯ ತವರಿಂದ ಬಂದ ಹಳೇ ಲಕ್ಷ್ಮಿ ಚಿತ್ರ ಇದೆ. ಆ ಬಣ್ಣ, ಆ ಮೃದು, ಅದೇ ಥರ ಬೇಕು. ಗಿಂಪ್ 2.10ರಲ್ಲಿ (ಪುಕ್ಕಟೆ ಸಿಗೋ, ಫೋಟೋ ತಿದ್ದೋ ಸಾಫ್ಟ್‌ವೇರ್) ನ್ಯೂಸ್‌ಪ್ರಿಂಟ್ ಫಿಲ್ಟರ್ ಹಾಕಿ, ಮೇಲೆ ಹಳೇ ಕಾಗದದ ಟೆಕ್ಸ್ಚರ್ ಕೂರಿಸಿ, ಒಂದಿಷ್ಟು ಹಳದಿ ಮಾಡಿದೆ. ಪರದೆ ಮೇಲೆ ಪರವಾಗಿಲ್ಲ ಅನ್ನಿಸ್ತು. ಪ್ರಿಂಟ್ ತೆಗೆಸಿದರೆ ಅಜ್ಜನ ಪಂಚೆ ತುಂಬ ಅಲೆಅಲೆ ಗೆರೆ, ಮುಖ ಚಹಾ ಚೆಲ್ಲಿದ ಹಾಗೆ. ಅಂಗಡಿಯವರು "ಫೈಲೇ ಹಾಗಿದೆ ಮೇಡಂ" ಅಂದ್ರು. ಏನು ಮಾಡಲಿ?

ಫೋಟೋಶಾಪ್ ನನ್ನ ಹತ್ತಿರ ಇಲ್ಲ. ಲ್ಯಾಪ್‌ಟಾಪೂ ಹಳೇದು.

ಕೂಲ್_ಎಡಿಟ್ಸ್:

ಇಷ್ಟಕ್ಕೆಲ್ಲ ಗಿಂಪ್ ಯಾಕೆ ಅಕ್ಕ? ಫೋನಲ್ಲಿ ರೆಟ್ರೋ, ವಿಂಟೇಜ್ ಅಂತ ಹುಡುಕಿದ್ರೆ ನೂರು ಆ್ಯಪ್ ಸಿಗುತ್ತೆ. ಒಂದು ಟ್ಯಾಪ್, ಕೆಲಸ ಮುಗೀತು.

ಗದಗ_ಪ್ರೆಸ್_ಕಾಕಾ:

ಅಕ್ಕಾರ, ಫೋಟೋ ನೋಡಿದೆ. ಬೆಳಕು ಒಂದ ಕಡಿಂದ ಬಂದೈತಿ, ಅದು ನಿಮಗ ಭಾಳ ಉಪಯೋಗ ಆಗ್ತೈತಿ. ನಾ ಗದಗಿನ್ಯಾಗ ಆಫ್‌ಸೆಟ್ ಪ್ರೆಸ್ಸಿನ ಕ್ಯಾಮೆರಾ ಸೆಕ್ಷನ್ನಿನ್ಯಾಗ ಇದ್ದಾಂವ. ಕ್ಯಾಮೆರಾ ಅಂದ್ರ ಕೊಳ್ಳಾಗ ಹಾಕ್ಕೊಳ್ಳೂದಲ್ಲ, ಖೋಲಿ ತುಂಬ ಇರ್ತಿದ್ದ, ಅಚ್ಚಿಗೆ ನೆಗೆಟಿವ್ ತಗೀತಿದ್ದ ಪ್ರೋಸೆಸ್ ಕ್ಯಾಮೆರಾ. ಡಿಟಿಪಿ (ಕಂಪ್ಯೂಟರಿನ್ಯಾಗ ಪುಟ ಜೋಡಸೂದು) ಬಂದ ಮ್ಯಾಲ ಕಂಪ್ಯೂಟರ್ ಕಲಿತೆ. ಈಗ ಮನ್ಯಾಗ ಗಿಂಪ್ ಇಟ್ಕೊಂಡು ಮೊಮ್ಮಕ್ಕಳ ಫೋಟೋ ಕೆಡಿಸ್ಕೋತ ಕುಂತಿರ್ತೇನಿ.

ನ್ಯೂಸ್‌ಪ್ರಿಂಟ್ ಫಿಲ್ಟರು ಕೊಡೂದು ಹಾಫ್‌ಟೋನ್ ಚುಕ್ಕಿ. ಸಾಲಾಗಿ ನಿಂತಿರ್ತಾವು, ಸಣ್ಣದು ದೊಡ್ಡದು. ಪೇಪರಿನ್ಯಾಗಿನ ಫೋಟೋ, ಹಳೇ ಮಾಸಪತ್ರಿಕಿ, ಆಫ್‌ಸೆಟ್ ಕ್ಯಾಲೆಂಡರು, ಇವಕ್ಕೆಲ್ಲಾ ಅದು ಸರಿ. ನಿಮ್ಮ ದೇವರ ಮನಿ ಲಕ್ಷ್ಮಿ ಬಹುಶಃ ಕಲ್ಲಚ್ಚಿನಾಕಿ, ಅಂದ್ರ ಕಲ್ಲಿನ ಮ್ಯಾಲ ಬರದು ಅದರಿಂದ ಅಚ್ಚು ಒತ್ತಿದಾಕಿ. ಒಂದು ಭೂತಗನ್ನಡಿ ಹಿಡಕೊಂಡು ಆಕಿ ಗಲ್ಲ ನೋಡ್ರಿ. ಚುಕ್ಕಿ ಸಾಲಾಗಿ ಇದ್ವು ಅಂದ್ರ ಹಾಫ್‌ಟೋನ್. ಅಡ್ಡಾದಿಡ್ಡಿ, ರವಾ ಉದುರಿಸಿದಂಗ ಇದ್ವು ಅಂದ್ರ ಕಲ್ಲಚ್ಚು. ಆ ಚುಕ್ಕಿ ಕಲ್ಲಿನ ಮ್ಯಾಲ ಮನುಷ್ಯಾ ಕೈಲೆ ಇಟ್ಟಿದ್ದು. ಆಕಿ ಸೀರಿ ಹಸಿರಿತ್ತಂದ್ರ ಅದನ್ನೂ ನೋಡ್ರಿ: ಹಸಿರು ಮಸಿನ ಕಾಣೂದಿಲ್ಲ, ಕೆಳಗ ತುಂಬು ಹಳದಿ, ಮ್ಯಾಲ ನೀಲಿ ರವಾ.

ಇಷ್ಟು ಗೊತ್ತಾದ ಮ್ಯಾಲ ಫಿಲ್ಟರ್ ಹುಡುಕೂದು ಬಿಡ್ರಿ. ಹಳೇ ಅಚ್ಚಿನ ಚಂದ ಬರೂದು ಎಷ್ಟು ಮಸಿ, ಯಾವ್ಯಾವ ಮಸಿ, ಯಾವುದರ ಮ್ಯಾಲ ಯಾವುದು ಬಿತ್ತು ಅನ್ನೂದರಿಂದ. ಫೋಟೋದಾಗ ಲಕ್ಷಗಟ್ಟಲೆ ಬಣ್ಣ ಇರ್ತಾವು. ಪ್ರೆಸ್ಸಿನ್ಯಾಗ ನಮ್ಮ ಹತ್ರ ಡಬ್ಬಿಯೊಳಗ ನಾಕೋ ಆರೋ ಇರ್ತಿದ್ವು. ಅಷ್ಟರಾಗ ಹೆಂಗ ಸುಧಾರಿಸಿದರು ಅನ್ನೂದನ್ನ ಆ ಚಿತ್ರ ಕಾಣಸ್ತೈತಿ. ಲಕ್ಷ ಬಣ್ಣ ಹಂಗ ಇಟ್ಟು ಮ್ಯಾಲ ಹಳದಿ ಬಳದ್ರ ಹೊಸಾ ಫೋಟೋಕ ಕೊಳಿ ಹತ್ತಿದಂಗ ಕಾಣ್ತೈತಿ, ಮತ್ತೇನೂ ಆಗೂದಿಲ್ಲ. ಒಂದು ಟ್ಯಾಪಿನ ಆ್ಯಪ್‌ನವರು ಮಾಡೂದೂ ಅದನ್ನ.

ಈಗ ಕೆಲಸ ಹೇಳ್ತೇನಿ, ಗಿಂಪಿನ್ಯಾಗ.

ಮೊದಲ ಎಡಗಡಿ ನೀಲಿ ಪ್ಲಾಸ್ಟಿಕ್ ಕುರ್ಚಿ ಕಾಲು, ಕಂಬದ ಮ್ಯಾಲಿನ ಸ್ವಿಚ್ ಬೋರ್ಡು, ಎರಡನ್ನೂ ಕ್ಲೋನ್ ಟೂಲಿನಿಂದ ತಗೀರಿ. ಆಮ್ಯಾಲ ಫೈಲು ಅಚ್ಚಾಗೂ ಅಳತಿಗೆ ತರ್ರಿ. ಎ3, 300 ಪಿಪಿಐ (ಇಂಚಿಗೆ 300 ಪಿಕ್ಸೆಲ್) ಅಂದ್ರ 3508 × 4961 ಪಿಕ್ಸೆಲ್. ಇದನ್ನ ಮೊದಲ ಮಾಡ್ರಿ. ಚುಕ್ಕಿ ಬಿದ್ದ ಮ್ಯಾಲ ಫೈಲು ಹಿಗ್ಗಸಿದ್ರೂ ಕುಗ್ಗಸಿದ್ರೂ ಚುಕ್ಕಿ ಹರೀತಾವು, ಅಲೆಅಲೆ ಬರ್ತೈತಿ. ನಿಮ್ಮ ಪಂಚಿ ಮ್ಯಾಲ ಬಂದಿದ್ದು ಅದ ಇರಬೇಕು. ಸಣ್ಣ ಚುಕ್ಕಿ ಫೈಲು ಕೊಟ್ಟೀರಿ, ಅಂಗಡಿ ಮಶಿನ್ನು ತನ್ನ ಚುಕ್ಕಿ ಅದರ ಮ್ಯಾಲ ಹಾಕೈತಿ, ಎರಡೂ ಜಗಳಾಡ್ಯಾವು. ನಾವು ಇದಕ್ಕ ಮೋಯ್ರೆ ಅಂತಿದ್ವಿ.

ಅಳತಿ ಆತಂದ್ರ ಫಿಲ್ಟರ್ಸ್ ಒಳಗ ಬ್ಲರ್, ಅದರಾಗ ಮೀಡಿಯನ್ ಬ್ಲರ್. ರೇಡಿಯಸ್ 6 ಇಲ್ಲಾ 7. ಫೋನಿನ ಫೋಟೋದಾಗ ಒಂದೊಂದು ಕೂದಲಾ ಎದ್ದು ಕಾಣ್ತಾವಲ್ಲ, ಕಲ್ಲಿನ ಮ್ಯಾಲ ಬರಿಯಾಂವ ಅಷ್ಟೆಲ್ಲಾ ಬರೀತಿದ್ದಿಲ್ಲ. ಆದ್ರ ಅಜ್ಜಾರ ಕಣ್ಣು, ಅಜ್ಜಿ ಮೂಗುಬೊಟ್ಟು, ಬಳಿ ಉಳೀಬೇಕು. ಲೇಯರ್ ಮಾಸ್ಕ್ (ಲೇಯರಿನ ಬೇಕಾದಷ್ಟು ಭಾಗ ಮರಿ ಮಾಡೂ ಮುಸುಕು) ಹಾಕಿ ಅಷ್ಟು ಜಾಗಾ ಬ್ಲರಿನಿಂದ ಹೊರಗಿಡ್ರಿ.

ಈಗ ಬಣ್ಣ ಬಿಡಿಸೂದು. ನಮ್ಮ ಕಾಲದಾಗ ಒಂದ ಚಿತ್ರಾನ ಮೂರು ಸಲ ಮೂರು ಗಾಜಿನೊಳಗಿಂದ ಹೊಡೀತಿದ್ವಿ. ಕೆಂಪು ಫಿಲ್ಟರ್ ಇಟ್ಟು ತಗದ್ರ ಸಯಾನ್ ನೀಲಿ ಪ್ಲೇಟಿನ (ಒಂದೊಂದು ಮಸಿಗೆ ಒಂದೊಂದು ಅಚ್ಚಿನ ತಗಡು) ನೆಗೆಟಿವ್, ಹಸಿರು ಇಟ್ರ ಮಜೆಂಟಾ, ನೀಲಿ ಇಟ್ರ ಹಳದಿ. ನಿಮ್ಮ ಫೋನು ಫೋಟೋ ತಗೀವಾಗನ ಈ ಕೆಲಸ ಮಾಡಿಟ್ಟೈತಿ. ಕಲರ್ಸ್ ಮೆನ್ಯೂದಾಗ ಕಾಂಪೊನೆಂಟ್ಸ್, ಅದರಾಗ ಡಿಕಂಪೋಸ್, ಆರ್‌ಜಿಬಿ (ಕೆಂಪು, ಹಸಿರು, ನೀಲಿ) ಆರಿಸಿ ಲೇಯರ್ ಮಾಡೂ ಟಿಕ್ ಹಾಕ್ರಿ. ಮೂರು ಬೂದಿ ಲೇಯರ್ ಬರ್ತಾವು. ಮೂರನ್ನೂ ಒಂದೊಂದ ಕಣ್ಣಿಗೆ ಹಚ್ಚಿ ನೋಡ್ರಿ. ಕೆಂಪಿನ ಲೇಯರಿನ್ಯಾಗ ಅಜ್ಜಿ ಮುಖ ನುಣ್ಣಗ, ಇಪ್ಪತ್ತು ವರ್ಷ ಸಣ್ಣಾಕಿ ಕಾಣ್ತಾಳ. ಹಸಿರಿನ್ಯಾಗ ಸುಕ್ಕು ಸರಿಯಾಗಿ ಬರ್ತಾವು. ನೀಲಿಯೊಳಗ ಮುಖ ಕರ್ರಗ, ಕಾಳುಕಾಳು. ಇದು ಕೆಟ್ಟದ್ದಲ್ಲ, ಮುಖದ ಚರ್ಮದಾಗ ಹಳದಿ ಭಾಳ ಬೇಕು ಅಂತ ಅದು ಹೇಳೂದು.

ಕಲ್ಲಚ್ಚಿನ ಥರ ಬೇಕಂದ್ರ ನಾ ಆರು ಮಸಿ ಹೇಳ್ತೇನಿ. ಹಳದಿ, ತಿಳಿ ಗುಲಾಬಿ, ನೀಲಿ, ಕೆಂಪು, ಕಂದು, ಕಟ್ಟಕಡೀಗೆ ಕಪ್ಪು. ತಿಳಿ ಮಸಿ ಮೊದಲ, ದಟ್ಟ ಮಸಿ ಆಮ್ಯಾಲ, ಇದ ಕ್ರಮ. ಹಳದಿ ಪ್ಲೇಟು ನೀಲಿ ಲೇಯರಿನಿಂದ. ಗುಲಾಬಿ, ಕೆಂಪು ಎರಡೂ ಹಸಿರಿನ ಲೇಯರಿನಿಂದ. ಗುಲಾಬಿ ಅಗಲಾಗಿ ಹರಡಲಿ. ಕೆಂಪು ಮಾತ್ರ ಸೀರಿ ಅಂಚು, ಕುಂಕುಮ, ತುಟಿ, ಇಷ್ಟ ಜಾಗಾದಾಗ ಇರಲಿ, ಉಳಿದದ್ದು ಅಳಸ್ರಿ. ನೀಲಿ ಪ್ಲೇಟು ಕೆಂಪಿನ ಲೇಯರಿನಿಂದ. ಕಂದು, ಕಪ್ಪು ಎರಡಕ್ಕೂ ಇಡೀ ಫೋಟೋನ ಕಪ್ಪು-ಬಿಳಿ ಮಾಡಿ ತಗೋರಿ.

ಒಂದೊಂದು ಪ್ಲೇಟಿಗೂ ಇಷ್ಟು ಕೆಲಸ: ಆ ಬೂದಿ ಲೇಯರ್ ಕಾಪಿ ಮಾಡಿ ಮೂಲ ಫೈಲಿನ್ಯಾಗ ಹೊಸಾ ಲೇಯರಾಗಿ ಹಾಕ್ರಿ. ಫಿಲ್ಟರ್ಸ್ ಒಳಗ ನಾಯ್ಸ್, ಅದರಾಗ ಆರ್‌ಜಿಬಿ ನಾಯ್ಸ್. ಮೂರೂ ಬಣ್ಣ ಬ್ಯಾರೆಬ್ಯಾರೆ ಅನ್ನೂ ಟಿಕ್ ತಗೀರಿ, 0.4ರ ಆಸುಪಾಸು ಇಡ್ರಿ. ಮ್ಯಾಲ ಒಂದು ಪಿಕ್ಸೆಲ್ ಗಾಸಿಯನ್ ಬ್ಲರ್. ಇದನ್ನ ಬಿಟ್ರ ರವಾ ಒಂದೊಂದು ಪಿಕ್ಸೆಲ್ಲಿಂದು ಆಗಿ ಕೆಟ್ಟ ಟಿವಿ ಕಂಡಂಗ ಕಾಣ್ತೈತಿ. ಆಮ್ಯಾಲ ಕಲರ್ಸ್ ಒಳಗ ಥ್ರೆಶೋಲ್ಡ್. ಕಡ್ಡಿ ಎಳದಂಗ ರವಾ ಕೂಡೂದು, ಚದುರೂದು ಕಣ್ಣ ಮುಂದ ಕಾಣ್ತೈತಿ. ನೆರಳಿನ್ಯಾಗ ರವಾ ಕೂಡಿ ತುಂಬು ಬಣ್ಣ ಆಗ್ಬೇಕು, ಬೆಳಕಿನ ಕಡೆ ಚದುರಿ ಮಾಯ ಆಗ್ಬೇಕು. ಅಲ್ಲಿ ನಿಂದರ್ಸ್ರಿ. ಈಗ ಲೇಯರಿನ್ಯಾಗ ಬರೇ ಕಪ್ಪು, ಬಿಳಿ. ಕಲರ್ ಟು ಆಲ್ಫಾ ಹಾಕಿ ಬಿಳಿ ತಗೀರಿ, ಲೇಯರಿನ ಆಲ್ಫಾ (ಪಾರದರ್ಶಕ ಭಾಗ) ಲಾಕ್ ಮಾಡಿ ಮಸಿ ಬಣ್ಣ ತುಂಬ್ರಿ, ಮೋಡ್ ಮಲ್ಟಿಪ್ಲೈ ಇಡ್ರಿ, ಮಸಿ ಮ್ಯಾಲ ಮಸಿ ಬಿದ್ದಂಗ ಬಣ್ಣ ಕೂಡ್ತಾವು. ಆತು ಒಂದು ಕಲ್ಲು.

ಮಸಿ ಬಣ್ಣ ನಾ ಇಡೂದು ಹಿಂಗ, ಆರ್‌ಜಿಬಿ ಲೆಕ್ಕದಾಗ: ಹಳದಿ 238, 200, 90. ಗುಲಾಬಿ 226, 150, 130. ನೀಲಿ 70, 120, 160. ಕೆಂಪು 180, 50, 45. ಕಂದು 110, 70, 45. ಕಪ್ಪು 45, 32, 28. ಸೊನ್ನಿ-ಸೊನ್ನಿ-ಸೊನ್ನಿ ಕಪ್ಪು ಯಾವತ್ತೂ ಇಡಬ್ಯಾಡ್ರಿ. ಕಾಗದದ ಮ್ಯಾಲಿನ ಮಸಿ ಅಷ್ಟು ಕಪ್ಪು ಇರೂದಿಲ್ಲ, ಅದೊಂದರಿಂದನ ಕಂಪ್ಯೂಟರಿನ ಕೆಲಸ ಅಂತ ಗೊತ್ತಾಗ್ತೈತಿ. ಸೀರಿಗೆ ಹಸಿರು ಮಸಿ ಬ್ಯಾಡ. ಹಳದಿ ತುಂಬು ಬಳೀರಿ, ನೀಲಿ ರವಾ ದಟ್ಟ ಮಾಡ್ರಿ, ಮಡಿಕಿ ಇರೂ ಕಡೆ ಕಂದು. ಹಸಿರು ತಾನ ಬರ್ತೈತಿ.

ಕಡೀಗೆ ರಿಜಿಸ್ಟರ್, ಅಂದ್ರ ಪ್ಲೇಟು ಒಂದರ ಮ್ಯಾಲೊಂದು ಸರಿಯಾಗಿ ಕುಂದ್ರೂದು. ಆರೂ ಪ್ಲೇಟು ಕೂದಲೆಳಿಯಷ್ಟೂ ತಪ್ಪದ ಕುಂತ್ರ ಅದು ಹಳೇ ಅಚ್ಚು ಅಲ್ಲ. ಗುಲಾಬಿ ಲೇಯರ್ ಹಿಡದು ಕೀಬೋರ್ಡಿನ ಬಾಣದ ಕೀಲೆ ಮೂರು ಪಿಕ್ಸೆಲ್ ಬಲಕ್ಕ ಸರಸ್ರಿ. 300ಕ್ಕ ಅದು ಕಾಲು ಮಿಲಿಮೀಟರ್, ಅಷ್ಟ ಸಾಕು. ಕೆಂಪು ಒಂದು ಪಿಕ್ಸೆಲ್ ಕೆಳಕ್ಕ. ಭಾಳ ಮಂದಿ ಇಲ್ಲಿ ಹತ್ತು-ಹದಿನೈದು ಪಿಕ್ಸೆಲ್ ಸರಿಸಿ ಅಜ್ಜಗ ನಾಕು ತುಟಿ ಮಾಡ್ತಾರ. ಅಂಥಾ ಹಾಳಿ ನಮ್ಮ ಮಶಿನ್‌ಮನ್ ಕೈಯಾಗ ಸಿಕ್ಕಿದ್ರ ನೇರ ರದ್ದಿಗೆ.

ಪಿಕ್ಸೆಲ್_ಪೇಟೆ:

ಕಾಕಾ, ಈ ಉತ್ತರಾನ ಪಿನ್ ಮಾಡಿ ಇಡಬೇಕು. ನಾನು ಬೆಂಗಳೂರಲ್ಲಿ ಪ್ಯಾಕೇಜಿಂಗ್ ಡಿಸೈನರ್. ಫೋಟೋಶಾಪ್ ಇರೋರಿಗೆ ಎರಡು ಮಾತು.

ಬಿಟ್‌ಮ್ಯಾಪ್ ಮೋಡ್ ಅಂತ ಒಂದಿದೆ, ಯಾರೂ ಮುಟ್ಟಲ್ಲ. ಇಮೇಜ್ ಮೋಡ್ ಗ್ರೇಸ್ಕೇಲ್ ಮಾಡಿ, ಆಮೇಲೆ ಬಿಟ್‌ಮ್ಯಾಪ್. ಅದರಲ್ಲಿ ಹಾಫ್‌ಟೋನ್ ಸ್ಕ್ರೀನ್ ಆರಿಸಿದರೆ ಇಂಚಿಗೆ ಎಷ್ಟು ಗೆರೆ, ಎಷ್ಟು ಡಿಗ್ರಿ, ಚುಕ್ಕಿಯ ಆಕಾರ ಏನು, ಎಲ್ಲ ಕೇಳುತ್ತೆ. ಪಿಕ್ಸಲೇಟ್ ಕೆಳಗಿರೋ ಕಲರ್ ಹಾಫ್‌ಟೋನ್ ಫಿಲ್ಟರ್ ಇದಕ್ಕಿಂತ ಒರಟು. ಅದನ್ನೇ ಬಳಸೋದಾದ್ರೆ ಮೊದಲು ಸಿಎಂವೈಕೆಗೆ (ಸಯಾನ್, ಮಜೆಂಟಾ, ಹಳದಿ, ಕಪ್ಪು ಮಸಿಯ ಲೆಕ್ಕ) ಬದಲಿಸಿಕೊಳ್ಳಿ. ಆರ್‌ಜಿಬಿ ಫೈಲಿಗೆ ಹಾಕಿದ್ರೆ ಅದು ಕೆಂಪು, ಹಸಿರು, ನೀಲಿ ಬೆಳಕಿನ ಚುಕ್ಕಿ ಹಾಕುತ್ತೆ. ಹಂಗೆ ಮಸಿ ಎಲ್ಲೂ ಬೀಳಲ್ಲ.

ಒಂದು ವಿಷಯಕ್ಕೆ ಮಾತ್ರ ನನ್ನ ತಕರಾರಿದೆ. ಮೇಲೆ ಹಳದಿ ಬಳಿಯೋದು ಯಾವಾಗಲೂ ತಪ್ಪು ಅನ್ನೋ ಹಂಗೆ ಹೇಳಿದ್ರಿ. ಕ್ಲೈಂಟಿಗೆ ತೋರಿಸುವಾಗ ಮೇಲೊಂದು ಬೆಚ್ಚಗಿನ ಲೇಯರ್ ಇಲ್ಲದಿದ್ರೆ ಅವರಿಗೆ ಅದು ಹಳೇದು ಅಂತ ಅನ್ಸೋದೇ ಇಲ್ಲ ಗುರುಗಳೇ. ಅನುಭವದ ಮಾತು.

ಗದಗ_ಪ್ರೆಸ್_ಕಾಕಾ:

ಪಿಕ್ಸೆಲ್ ಅವರ, ನಿಮ್ಮ ತಕರಾರು ಅರ್ಧಾ ಒಪ್ತೇನಿ. ಕಾಗದಾ ಹಳದಿ ಆಗೂದು ಮಸಿ ಕೆಳಗ. ಅದಕ್ಕ ಪೇಪರಿನ, ಮಾಸಪತ್ರಿಕಿಯ ಅಚ್ಚಿಗೆ ಹಳದಿ ಲೇಯರ್ ಎಲ್ಲಾದರ ಕೆಳಗ ಇರಬೇಕು, ಮಸಿ ಮ್ಯಾಲ ಮಲ್ಟಿಪ್ಲೈ ಆಗ್ಬೇಕು. ಆದ್ರ ಅಕ್ಕಾರ ಮನಿ ಲಕ್ಷ್ಮಿಯಂಥಾ ಚಿತ್ರಕ್ಕ ಅಚ್ಚು ಆದ ಮ್ಯಾಲ ವಾರ್ನಿಷ್ ಹಚ್ಚತಿದ್ರು, ಎಣ್ಣಿ ಬಣ್ಣದ ಚಿತ್ರದಂಗ ಹೊಳೀಲಿ ಅಂತ. ಒಲಿಯೋಗ್ರಾಫ್ ಅಂತ ಹೆಸರು ಬಂದಿದ್ದೂ ಅದಕ್ಕ. ವಾರ್ನಿಷ್ ವಯಸ್ಸಾದಂಗ ಹಳದಿ ತಿರಗತೈತಿ, ಅದು ಮಸಿ ಮ್ಯಾಲಿರೂ ಹಳದಿ. ಹಂಗಾಗಿ ಈ ಚಿತ್ರಕ್ಕ ಮ್ಯಾಲೊಂದು ತಿಳಿ ಜೇನಿನ ಬಣ್ಣದ ಲೇಯರ್ ನಡೀತೈತಿ, ಹತ್ತು-ಹನ್ನೆರಡು ಪರ್ಸೆಂಟ್ ಒಪ್ಯಾಸಿಟಿ. ಅಂಚಿನ ಬಿಳಿ ಕಾಗದಕ್ಕ ಅದನ್ನ ತಾಗಸಬ್ಯಾಡ್ರಿ, ಚಿತ್ರಕ್ಕಷ್ಟ.

ಕೆಲವಕ್ಕ ಬಟ್ಟಿ ನೇಯ್ಗಿ ಥರ ಉಬ್ಬು ಒತ್ತಿರ್ತಿದ್ರು. ಗಿಂಪಿನ್ಯಾಗ ಆರ್ಟಿಸ್ಟಿಕ್ ಒಳಗ ಅಪ್ಲೈ ಕ್ಯಾನ್ವಾಸ್ ಅಂತೈತಿ. ಆಳ 1 ಇಟ್ಟು ನೋಡ್ರಿ, 4 ಇಟ್ರ ಗೋಣಿಚೀಲ ಆಗ್ತೈತಿ.

ಕಡಲಕರೆ:

ಚರ್ಚೆ ಬಹಳ ಚೆನ್ನಾಗಿ ನಡೆಯುತ್ತಿದೆ. ಕಲ್ಲಚ್ಚಿನ ಮಾತು ಬಂದದ್ದರಿಂದ ಮಂಗಳೂರಿನವನಾಗಿ ನಾನೂ ಸ್ವಲ್ಪ ಸೇರಿಸುತ್ತೇನೆ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಬಾಸೆಲ್ ಮಿಷನ್ನಿನವರ ಕಲ್ಲಚ್ಚಿನಲ್ಲೇ ಹೊರಬಂದದ್ದು, ಸಂಪಾದಕರು ಹರ್ಮನ್ ಮೋಗ್ಲಿಂಗ್. ಅಚ್ಚುಮೊಳೆ ಇಲ್ಲದೆ ಕೈಯಲ್ಲಿ ಬರೆದದ್ದನ್ನೇ ಕಲ್ಲಿಗೆ ಇಳಿಸಿ ಒತ್ತುವ ಕ್ರಮ. ಎಣ್ಣೆ ಮತ್ತು ನೀರು ಒಂದನ್ನೊಂದು ಸೇರುವುದಿಲ್ಲ ಎನ್ನುವುದೇ ಅದರ ಗುಟ್ಟು. ಜಿಡ್ಡಿನ ಕಡ್ಡಿಯಲ್ಲಿ ಸುಣ್ಣಕಲ್ಲಿನ ಮೇಲೆ ಬರೆಯುವುದು, ಕಲ್ಲನ್ನು ಒದ್ದೆ ಮಾಡುವುದು, ಆಮೇಲೆ ಮಸಿ ಉರುಳಿಸಿದರೆ ಬರೆದಲ್ಲಿ ಮಾತ್ರ ಹಿಡಿಯುತ್ತದೆ. ಕಲ್ಲನ್ನು ಮೊದಲೇ ಮರಳಿನಲ್ಲಿ ಉಜ್ಜಿ ತರಿತರಿ ಮಾಡಿರುತ್ತಾರೆ. ಕಾಕಾ ಹೇಳಿದ ರವೆಯಲ್ಲಿ ಒಂದು ಪಾಲು ಈ ತರಿಯಿಂದ ಬರುವುದು, ಇನ್ನೊಂದು ಪಾಲು ಕೈಚುಕ್ಕಿಯಿಂದ.

ಮನೆಮನೆಯ ಲಕ್ಷ್ಮಿ-ಸರಸ್ವತಿಯರ ಕತೆ ಅದರ ನಂತರದ್ದು. ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಪ್ರೆಸ್ ಶುರುಮಾಡಿದರು. ಆಮೇಲೆ ಅದು ಲೋಣಾವಳದ ಹತ್ತಿರದ ಮಳವಲಿಗೆ ಹೋಯಿತು, ಕೊನೆಗೆ ಅಲ್ಲಿನ ಜರ್ಮನ್ ತಂತ್ರಜ್ಞ ಫ್ರಿಟ್ಜ್ ಶ್ಲೈಶರ್ ಕೈಗೆ ಬಂತು. ಮೂಲ ಎಣ್ಣೆಬಣ್ಣದ ಚಿತ್ರಗಳನ್ನು ನೋಡಬೇಕಾದರೆ ನಮಗೆ ಮೈಸೂರಿನ ಜಗನ್ಮೋಹನ ಅರಮನೆಯೇ ಇದೆ. ಅಲ್ಲಿಗೆ ಹೋಗಿ ನೋಡಿ ಬಂದು ಆಮೇಲೆ ಮನೆಯ ಅಚ್ಚನ್ನು ನೋಡಿದರೆ, ಎಣ್ಣೆಬಣ್ಣದ ಮೆತ್ತನೆಯ ಕೆನ್ನೆಯನ್ನು ಚುಕ್ಕಿಗೆ ಇಳಿಸಿದವನ ಕಷ್ಟ ಗೊತ್ತಾಗುತ್ತದೆ.

@ಮಲೆನಾಡ_ಮಳೆ, ನಿಮ್ಮ ಲಕ್ಷ್ಮಿಯನ್ನು ಚೌಕಟ್ಟಿನಿಂದ ತೆಗೆದರೆ ಕೆಳಅಂಚಿನಲ್ಲಿ ಪ್ರೆಸ್ಸಿನ ಹೆಸರು ಸಣ್ಣಕ್ಷರದಲ್ಲಿ ಇದ್ದೀತು. ಹಳೆಯ ಮನೆಗಳಲ್ಲಿ ಇಂಥ ಅಚ್ಚಿನ ಮೇಲೆ ಬಟ್ಟೆ, ಜರಿ, ಮಿಣುಕು ಅಂಟಿಸಿ ದೇವಿಗೆ ಸೀರೆ ಉಡಿಸಿದ್ದೂ ಉಂಟು. ನಿಮ್ಮ ಎ3 ಪ್ರತಿಗೆ ಅಜ್ಜಿಯ ಸೀರೆಯಂಚಿನಲ್ಲಿ ನಿಜವಾದ ಜರಿ ಎಳೆ ಅಂಟಿಸಿದರೆ ಹೇಗೆ?

ಮಲೆನಾಡ_ಮಳೆ:

ಅಬ್ಬಾ, ಇಷ್ಟು ಬರುತ್ತೆ ಅಂತ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್. ಗದಗದ ಸರ್, ನೀವು ಹೇಳಿದ ಹಾಗೇ ಭೂತಗನ್ನಡಿ ಹಿಡಿದು ನೋಡಿದೆ. ರವೆ! ಲಕ್ಷ್ಮಿಯ ಕುತ್ತಿಗೆ ಹತ್ತಿರ ಗುಲಾಬಿ ಚುಕ್ಕಿ, ನಡುವೆ ಅಲ್ಲೊಂದು ಇಲ್ಲೊಂದು ನೀಲಿ. ಅಜ್ಜಿ ಬಂದು "ಎಂತ ಹುಡುಕ್ತಿದ್ಯೆ ದೇವರ ಮುಖದಲ್ಲಿ" ಅಂತ ಕೇಳಿದ್ರು.

ಜರಿ ಅಂಟಿಸೋ ಐಡಿಯಾ ಅಮ್ಮಂಗೆ ಹೇಳಿದೆ, ಆಗಲೇ ಹಳೇ ಸೀರೆ ಹುಡುಕ್ತಿದಾರೆ.

ಆರು ಲೇಯರೂ ಮಾಡಿದೆ, ಕೆಳಗೆ ಹಾಕಿದೀನಿ. ಸೀರೆ ಚೆನ್ನಾಗಿ ಬಂತು. ಆದರೆ ಮೂರು ತೊಂದರೆ. ಒಂದು, ಇಬ್ಬರ ಮುಖವೂ ಹಸಿರು ಹೊಡೀತಿದೆ, ಕಾಯಿಲೆಯವರ ಥರ. ಎರಡು, ಅಜ್ಜನ ಬಿಳಿ ಪಂಚೆಯಲ್ಲಿ ಏನೂ ಇಲ್ಲ, ಖಾಲಿ ಕಾಗದ, ಕಾಲೇ ಕಾಣಲ್ಲ. ಮೂರು, ಕೆಳಗೆ ಹೆಸರು, ತಾರೀಖು ಬರೆಯಬೇಕು. ಯಾವ ಫಾಂಟ್ ಹಾಕಿದರೂ ನಿನ್ನೆ ಮೊನ್ನೆ ಟೈಪ್ ಮಾಡಿದ ಹಾಗೆ ಕಾಣುತ್ತೆ.

ಗದಗ_ಪ್ರೆಸ್_ಕಾಕಾ:

ಸರ್ ಅನ್ನೂದು ಬಿಡ್ರಿ ಅಕ್ಕಾರ, ಪ್ರೆಸ್ಸಿನ್ಯಾಗ ಮಾಲಕರ ಮಗನಿಂದ ಹಿಡದು ಹಮಾಲರ ತನಕ ಎಲ್ಲಾರೂ ನನಗ ಕಾಕಾನ ಅಂತಿದ್ರು.

ಮುಖ ಹಸಿರಾಗೂದು ಸಹಜ. ಕೆಳಗ ಹಳದಿ ಐತಿ, ನೀಲಿ ಪ್ಲೇಟಿನ ರವಾ ಅದರ ಮ್ಯಾಲ ಬಿತ್ತು, ಸೀರಿಗೆ ಆದದ್ದ ಮುಖಕ್ಕೂ ಆತು. ನೀಲಿ ಪ್ಲೇಟಿನ ಲೇಯರಿಗೆ ಮಾಸ್ಕ್ ಹಾಕಿ ಎರಡೂ ಮುಖ, ನಾಕೂ ಕೈ ಒರಸ್ರಿ. ಪೂರ್ತಿ ಬ್ಯಾಡ. ಗದ್ದದ ಕೆಳಗ, ಕಣ್ಣಿನ ಗುಣಿಯೊಳಗ, ಮೂಗಿನ ನೆರಳಿನ ಬದಿಗೆ ಒಂದೀಟು ಬಿಡ್ರಿ. ಲಕ್ಷ್ಮಿ ಕುತ್ತಿಗಿಯೊಳಗ ನೀವು ಕಂಡ ನೀಲಿ ಅದನ. ಮುಖದ ನೆರಳಿನ ಉಳಿದ ಕೆಲಸ ಕಂದು ಮಾಡ್ಲಿ. ಕಂದಿನ ಪ್ಲೇಟಿನ್ಯಾಗ ಅಜ್ಜಿ ಸುಕ್ಕು ಬರವಲ್ವು ಅಂದ್ರ ಮುಖದಷ್ಟು ಜಾಗಾಕ್ಕ ಹಸಿರಿನ ಲೇಯರ್ ತಂದು ಹಚ್ರಿ. ಸುಕ್ಕು ಮಾತ್ರ ತಗೀಬ್ಯಾಡ್ರಿ. ಹಸಿರಿನ್ಯಾಗ ಎಷ್ಟು ಬರ್ತಾವೋ ಅಷ್ಟ ಸರಿ.

ಇಂಥಾ ಕೈಕೆಲಸ ನಮ್ಮಲ್ಲೂ ಇತ್ತು. ಫಿಲ್ಮಿನ ಮ್ಯಾಲಿನ ಚುಕ್ಕಿ ದಪ್ಪ ಆದ್ರ ಫೆರಿಸಯನೈಡ್, ಹೈಪೋ ಕೂಡಿಸಿದ ನೀರು ಬ್ರಶ್ಶಿಲೆ ಹಚ್ಚಿ ಕರಗಸ್ತಿದ್ವಿ. ಒಂದು ನಿಮಿಷ ಹೆಚ್ಚಾದ್ರ ಹುಡುಗಿ ಗಲ್ಲನ ಮಾಯ. ಸೂಜಿಮೊನಿಯಂಥಾ ತೂತಿಗೆ ಒಪೇಕ್ ಅಂತ ಕೆಂಪು-ಕಂದು ಬಣ್ಣ ಇರ್ತಿತ್ತು, ಲೈಟ್ ಟೇಬಲ್ಲಿನ ಮ್ಯಾಲ ಬೊಗ್ಗಿ ಕುಂತು ಒಂದೊಂದ ಮುಚ್ಚೂದು. ನಿಮ್ಮ ಮಾಸ್ಕಿಗೆ ಕಂಟ್ರೋಲ್-ಝಡ್ ಐತಿ, ಪುಣ್ಯವಂತರು.

ಪಂಚಿ ಸುದ್ದಿ. ಬಿಳಿ ಬಟ್ಟಿಗೆ ಬಿಳಿ ಮಸಿ ಇಲ್ಲ, ಕಾಗದಾನ ಬಿಳಿ. ಅದರ ಮಡಿಕಿ ತೋರ್ಸೂದು ನೀಲಿಯಿಂದ. ನೀಲಿ ಪ್ಲೇಟು ಎರಡು ತುಂಡು ಮಾಡ್ರಿ. ಪಂಚಿ ಭಾಗಕ್ಕ ಬ್ಯಾರೆ ಥ್ರೆಶೋಲ್ಡ್. ಅದಕ್ಕೂ ಮೊದಲ ಲೆವೆಲ್ಸ್ ಒಳಗ ನಡುವಿನ ಬಾಣ ಬಲಕ್ಕ ಎಳದು ಆ ಭಾಗ ಕಪ್ಪಗ ಮಾಡ್ಕೋರಿ, ಮಡಿಕಿ ಎದ್ದು ಬರ್ತಾವು. ನೀಲಿ ರವಾ ಮಡಿಕಿಯೊಳಗ, ಅದರ ಬದಿಗೆ ಒಂದೀಟು ಗುಲಾಬಿ. ಹಳೇ ಚಿತ್ರದಾಗ ಬಿಳಿ ಬಟ್ಟಿ ಭಾಳ ಸಲ ತಿಳಿನೀಲಿ ನೆರಳಿನ್ಯಾಗ ಇರ್ತೈತಿ, ನೋಡ್ರಿ ಬೇಕಾದ್ರ. ಬೂದಿ ಬಣ್ಣದ ನೆರಳು ಫೋಟೋದ್ದು.

ಅಕ್ಷರಾ ಅಂದ್ರ ಬ್ಯಾರೆ ಜಾತಿ ಕೆಲಸ, ನಾವು ಲೈನ್ ವರ್ಕ್ ಅಂತಿದ್ವಿ. ಅಕ್ಷರಕ್ಕ ಚುಕ್ಕಿ ಹಾಕೂದಿಲ್ಲ. ಒಂದ ಮಸಿ, ತುಂಬು ಬಣ್ಣ. ನೀವು ಇಡೀ ಚಿತ್ರಕ್ಕ ನಾಯ್ಸ್ ಹಾಕುವಾಗ ಅಕ್ಷರಕ್ಕೂ ಬಿದ್ದೈತಿ, ಅದಕ್ಕ ತುಕ್ಕು ಹಿಡದಂಗ ಕಾಣಾಕತ್ತೈತಿ. ಫಾಂಟ್ ಹುಡುಕೂ ಬದಲಿ, ಮನ್ಯಾಗ ಯಾರದರ ಕೈಬರಹ ಚಲೋ ಇದ್ರ ಬಿಳಿ ಹಾಳಿ ಮ್ಯಾಲ ದಪ್ಪ ನಿಬ್ಬಿನ ಪೆನ್ನಿಲೆ ದೊಡ್ಡದಾಗಿ ಬರಸ್ರಿ. ಫೋಟೋ ಹೊಡದು ಥ್ರೆಶೋಲ್ಡ್ ಹಾಕಿ, ಬಿಳಿ ತಗದು, ಕಪ್ಪು ಪ್ಲೇಟಿಗೆ ಕೂಡಸ್ರಿ. ಅಂಚು ಒಂದೀಟು ಮೆತ್ತಗಾಗಲಿ ಅಂದ್ರ ಥ್ರೆಶೋಲ್ಡಿಗೆ ಮೊದಲ ಎರಡು ಪಿಕ್ಸೆಲ್ ಬ್ಲರ್. ಮಸಿ ಹರಡಿದಂಗ ಮೂಲಿ ಗುಂಡಾಗ್ತಾವು.

ಪಿಕ್ಸೆಲ್_ಪೇಟೆ:

ಪಂಚೆಯ ನೀಲಿ ನೆರಳು, ಇದನ್ನ ನಾನು ಕದ್ದೆ ಕಾಕಾ. ನಾಳೆಯೇ ಒಂದು ಬೆಲ್ಲದ ಡಬ್ಬಿಗೆ ಹಾಕ್ತೀನಿ.

ಮಲೆನಾಡ_ಮಳೆ:

ಕಾಕಾ (ಈಗ ಸರಿಯಾಯ್ತಾ?), ಮುಖ ಸರಿ ಹೋಯ್ತು! ಅಜ್ಜನ ಕೈಯಲ್ಲೇ ಹೆಸರು ಬರೆಸಿದೆ. ಕೈ ಸ್ವಲ್ಪ ನಡುಗಿದೆ, ಹಾಗೇ ಇಟ್ಟೆ. ಕೊನೇ ಪ್ರಶ್ನೆ. ಚಿಕ್ಕ ಕಾರ್ಡಿಗೆ ಇದೇ ಫೈಲ್ ಕುಗ್ಗಿಸಿದರೆ ಚುಕ್ಕಿ ಹರಿಯುತ್ತೆ ಅಂದಿದ್ರಲ್ಲ. ಅದಕ್ಕೆ ಮೊದಲಿಂದ ಎಲ್ಲ ಮಾಡಬೇಕಾ? ಮತ್ತೆ ಅಂಗಡಿಗೆ ಯಾವ ಥರದ ಫೈಲ್ ಕೊಡಲಿ, ಯಾವ ಕಾಗದ ಕೇಳಲಿ?

ಗದಗ_ಪ್ರೆಸ್_ಕಾಕಾ:

ಕಾರ್ಡಿಗೆ ಆರು ಕಲ್ಲು ಬ್ಯಾಡ್ರಿ. ಅಂಗೈ ಅಗಲದ ಕಾರ್ಡಿನ್ಯಾಗ ಅಷ್ಟು ರವಾ ಕಣ್ಣಿಗೆ ನಿಲುಕೂದಿಲ್ಲ, ಕೊಳಿ ಕಾಣ್ತೈತಿ. ಕಾರ್ಡು ಒಂದ ಬಣ್ಣದ ಬ್ಲಾಕಿನ ಥರ ಮಾಡ್ರಿ. ಹಳೇ ಲಗ್ನಪತ್ರಿಕಿಯೊಳಗ ಟ್ರೆಡಲ್ (ಕಾಲಿಲೆ ತುಳಿಯೂ ಅಚ್ಚಿನ ಮಶಿನ್) ಮ್ಯಾಲ ಝಿಂಕ್ ಬ್ಲಾಕ್ (ಚಿತ್ರ ಮೂಡಿಸಿದ ಸತುವಿನ ಅಚ್ಚು) ಹಾಕಿ ಹೊಡೀತಿದ್ರಲ್ಲ, ಹಂಗ. ಇಲ್ಲಿ ನಿಮ್ಮ ನ್ಯೂಸ್‌ಪ್ರಿಂಟ್ ಫಿಲ್ಟರು ಕೆಲಸಕ್ಕ ಬರ್ತೈತಿ. ಫೋಟೋ ಕಾರ್ಡಿನ ಅಳತಿಗೆ ತಂದು, ಕಪ್ಪು-ಬಿಳಿ ಮಾಡಿ, ಗುಂಡು ಚುಕ್ಕಿ, 45 ಡಿಗ್ರಿ. ಅಡ್ಡ-ಉದ್ದ ಗೆರಿ ಕಣ್ಣಿಗೆ ಲಗೂನ ಹೊಳೀತಾವು, ಓರೆ ಗೆರಿ ಅಷ್ಟು ಹೊಳೆಯಂಗಿಲ್ಲ. ಅದಕ್ಕ ಎಲ್ಲಾದ್ರಕಿಂತ ದಟ್ಟ ಇರೂ ಕಪ್ಪನ್ನ 45ಕ್ಕ ಇಡೂದು. ನಾಕು ಬಣ್ಣ ಇದ್ರ ಮಜೆಂಟಾ 75, ಸಯಾನ್ 15, ಹಳದಿ ಸೊನ್ನಿ. ನಿಮಗ ಬೇಕಾದ್ದು ಒಂದ.

ಪೀರಿಯಡ್ ಅಂತ ಕೇಳ್ತೈತಲ್ಲ, ಅದು ಒಂದು ಚುಕ್ಕಿಯಿಂದ ಇನ್ನೊಂದು ಚುಕ್ಕಿಗೆ ಎಷ್ಟು ಪಿಕ್ಸೆಲ್ ಅಂತ. ಫೈಲು 600 ಪಿಪಿಐ ಇಡ್ರಿ, ಪೀರಿಯಡ್ 10 ಅಂದ್ರ ಇಂಚಿಗೆ 60 ಚುಕ್ಕಿ. ಪೇಪರಿನ ಫೋಟೋಕ ಹಾಕ್ತಿದ್ದ 65ರ ಸ್ಕ್ರೀನಿಗೆ (ಇಂಚಿಗೆ 65 ಸಾಲು ಚುಕ್ಕಿ) ಹತ್ರ. ಮಸಿ ಕಡುಗೆಂಪೋ ಕಡುಹಸಿರೋ ಇಡ್ರಿ. ಕಪ್ಪು ಬ್ಯಾಡ, ಶುಭಕಾರ್ಯ.

ಫೈಲು ಪಿಎನ್‌ಜಿ ಇಲ್ಲಾ ಟಿಫ್. ಜೆಪೆಗ್ ಕೊಟ್ರ ಚುಕ್ಕಿ ಸುತ್ತ ಹೊಗಿ ಏಳ್ತೈತಿ. ವಾಟ್ಸಾಪಿನ್ಯಾಗ ಕಳಸೂದಾದ್ರ ಡಾಕ್ಯುಮೆಂಟ್ ಅಂತ ಕಳಸ್ರಿ, ಫೋಟೋ ಅಂತ ಕಳಸಿದ್ರ ಅದು ತಾನ ಕುಗ್ಗಸ್ತೈತಿ. ಅಂಗಡ್ಯಾಗ ನಿಂತು "ಫಿಟ್ ಟು ಪೇಜ್ ಬ್ಯಾಡ, ನೂರಕ್ಕ ನೂರು ಅಳತಿ" ಅಂತ ಬಾಯಿಬಿಟ್ಟು ಹೇಳ್ರಿ, ಹೇಳಲಿಲ್ಲಂದ್ರ ಅವರು ಒತ್ತೇ ಒತ್ತತಾರ. ಮಶಿನ್ನಿಗೆ ಅಂಚು ಬೇಕಾಗ್ತೈತಿ, ಅದಕ್ಕ ನೂರಕ್ಕ ನೂರರಾಗ ಚಿತ್ರ ಕತ್ತರಿಸದಂಗ ಸುತ್ತಲೂ ಒಂದು ಇಂಚು ಬಿಳಿ ಮೊದಲ ಬಿಟ್ಟಿರ್ರಿ. ಹಳೇ ಚಿತ್ರಕ್ಕೂ ಆ ಬಿಳಿ ಇರ್ತಿತ್ತು. ಪೂರ್ತಿ ತೆಗೆಸೂ ಮೊದಲ ಅಜ್ಜಿ ಮುಖ, ಪಂಚಿ ಇರೂ ಭಾಗ ಕತ್ತರಿಸಿ ಎ4ದಾಗ ಒಂದು ಪ್ರೂಫ್ ನೋಡ್ರಿ.

ಕಾಗದ: ಎ3ಗೆ ಮ್ಯಾಟ್, ದಪ್ಪಂದು, ಚೂರು ಕೆನಿಬಣ್ಣ ಇದ್ರ ಚಲೋ. ಅಂಗಡಿಯವರು ಗ್ಲಾಸಿ ಕಾಗದಾನ ತೋರಸ್ತಾರ, ಬ್ಯಾಡ ಅನ್ರಿ. ಹೊಳಪು ಬೇಕಂದ್ರ ಚಿತ್ರ ತಗದ ಮ್ಯಾಲ ಬರೇ ಚಿತ್ರದ ಭಾಗಕ್ಕ ಕಲಾವಿದರ ಅಂಗಡ್ಯಾಗ ಸಿಗೂ ವಾರ್ನಿಷ್ ತೆಳ್ಳಗ ಹಚ್ರಿ. ಮೊದಲ ರದ್ದಿ ಪ್ರಿಂಟಿನ ಮ್ಯಾಲ ಹಚ್ಚಿ ನೋಡ್ರಿ, ಕೆಲವು ಮಶಿನ್ನಿನ ಮಸಿ ವಾರ್ನಿಷಿಗೆ ಕರಗತೈತಿ. ಜರಿ ಅಂಟಸೂದು ವಾರ್ನಿಷ್ ಒಣಗಿದ ಮ್ಯಾಲ.

ಕೂಲ್_ಎಡಿಟ್ಸ್:

ಕಾಕಾ ನಾನೂ ಮಾಡಿದೆ, ನಮ್ಮ ಬೈಕ್ ಫೋಟೋಗೆ. ಬೆಂಕಿಪೊಟ್ಟಣದ ಚೀಟಿ ಥರ ಬೇಕು. ಅದಕ್ಕೂ ಆರು ಲೇಯರಾ?

ಗದಗ_ಪ್ರೆಸ್_ಕಾಕಾ:

ಮೂರು ಸಾಕೋ ತಮ್ಮಾ. ಕೆಂಪು, ಹಳದಿ, ಕಪ್ಪು. ರವಾನೂ ಬ್ಯಾಡ, ಎಲ್ಲಾ ತುಂಬು ಬಣ್ಣ. ಮೊದಲ ಆ ಬೈಕಿನ ಹಿಂದಿನ ನಾಕು ಗಾಡಿ ತಗೀ, ಹೊಸಾ ಥ್ರೆಡ್ ಹಾಕು, ಅಲ್ಲಿ ಹೇಳ್ತೇನಿ.